ಆರಕ್ಕೇರಿ ಒಂದಕ್ಕಿಳಿದ ಸಂಖ್ಯೆ

ಮೊದಲು ಒಂದು ಗುಣಾಕಾರ ಮಾಡಿಬಿಡೋಣ. 27994681 ಅನ್ನು 441ರಿಂದ ಗುಣಿಸಬೇಕು. ನೋಡಲು ಎರಡರಲ್ಲೂ ವಿಶೇಷವೇನಿಲ್ಲ. ಮೊದಲನೆಯದಂತೂ ಕರೆಂಟ್ ಬಿಲ್ಲಿನ ಮೂಲೆಯಲ್ಲಿರುವ ಗ್ರಾಹಕ ಸಂಖ್ಯೆಯಂತಿದೆ. ಕ್ಯಾಲ್ಕುಲೇಟರ್ ಬೇಡ. ಕಾಗದದ ಮೇಲೆ ಮಾಡಿದರಷ್ಟೇ ಇದರ ಸ್ವಾರಸ್ಯ ಗೊತ್ತಾಗುವುದು.

ನಾನೂರರಿಂದ ಗುಣಿಸಿದರೆ 11197872400. ನಲವತ್ತರಿಂದ ಗುಣಿಸಿದರೆ 1119787240. ಒಂದರಿಂದ ಗುಣಿಸಿದರೆ ಅದೇ 27994681. ಮೂರನ್ನೂ ಒಂದರ ಕೆಳಗೊಂದು ಬರೆದು ಬಲಗಡೆಯಿಂದ ಕೂಡುತ್ತಾ ಬನ್ನಿ. ಬಿಡಿ ಸ್ಥಾನದಲ್ಲಿ 1. ಹತ್ತರ ಸ್ಥಾನದಲ್ಲಿ ನಾಲ್ಕೂ ಎಂಟೂ ಹನ್ನೆರಡು. 2 ಬರೆದು ದಶಕ ಒಂದು. ನೂರರ ಸ್ಥಾನದಲ್ಲಿ ನಾಲ್ಕು, ಎರಡು, ಆರು, ಜೊತೆಗೆ ದಶಕದ ಒಂದು ಸೇರಿ ಹದಿಮೂರು. 3 ಬರೆದು ದಶಕ ಒಂದು. ಸಾವಿರದಲ್ಲಿ ಹದಿನಾಲ್ಕು, 4. ಹತ್ತುಸಾವಿರದಲ್ಲಿ ಇಪ್ಪತ್ತೈದು, 5. ಇಷ್ಟು ಹೊತ್ತಿಗೆ ಅನುಮಾನ ಶುರುವಾಗಿರುತ್ತದೆ. ಲೆಕ್ಕ ಮುಗಿಸಿದರೆ ಸಿಗುವುದು ಇದು:

12345654321

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಬಾಯಲ್ಲಿ ಹೇಳಿದರೆ ಅದರ ಚಂದ ಸ್ವಲ್ಪವೂ ತಿಳಿಯುವುದಿಲ್ಲ, ಬರೆದರೆ ತಾನೇ ಎದ್ದು ಕಾಣುತ್ತದೆ. ಒಂದರಿಂದ ಹತ್ತಿ ಆರಕ್ಕೆ ಮುಟ್ಟಿ, ಬಂದ ದಾರಿಯಲ್ಲೇ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದು ಇತ್ತೀಚಿನ ಯಾವುದೋ ಪಜಲ್ ಪುಸ್ತಕದ ಲೆಕ್ಕವಲ್ಲ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿರುವ ಗುಣಾಕಾರದ ಸಮಸ್ಯೆ. ಗ್ರಂಥದ ಆರಂಭದಲ್ಲೇ ಅವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಅವನ ರಾಜಧಾನಿ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ಆಳ್ವಿಕೆಯಲ್ಲಿ. ‘ಕವಿರಾಜಮಾರ್ಗ’ದ ಹೆಸರನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿಸುತ್ತಾರೆ, ಗಣಿತದ ಮೇಷ್ಟರೂ ‘ಗಣಿತಸಾರಸಂಗ್ರಹ’ದ ಹೆಸರೆತ್ತುವುದು ಅಪರೂಪ. ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಮೂಲವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದಾಗ ಕನ್ನಡ ಲಿಪಿಯ ಹಸ್ತಪ್ರತಿಗಳು ಅವರಿಗೆ ನೆರವಾಗಿದ್ದವು. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ರಲ್ಲಿ ಹೊಂಬುಜದಿಂದ ಹೊರಬಂತು.

ಆ ಪುಸ್ತಕದಲ್ಲಿ ಸಂಖ್ಯೆಗಳು ಅಂಕಿಗಳಾಗಿ ಬರುವುದಿಲ್ಲ, ಶ್ಲೋಕದೊಳಗೆ ಮಾತಾಗಿ ಬರುತ್ತವೆ. ಕಣ್ಣು ಎಂದರೆ ಎರಡು, ಅಗ್ನಿ ಎಂದರೆ ಮೂರು, ಸಮುದ್ರ ಎಂದರೆ ನಾಲ್ಕು. ಸ್ಥಾನಗಳಿಗೂ ಹೆಸರುಗಳಿವೆ. ಏಕ, ದಶ, ಶತದಿಂದ ಹೊರಟು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನ, ಅಂದರೆ ಒಂದರ ಮುಂದೆ ಇಪ್ಪತ್ಮೂರು ಸೊನ್ನೆ ಇಟ್ಟಷ್ಟು ದೂರ. ನಮ್ಮ ಸಂಖ್ಯೆಯ ಎಡತುದಿಯ 1 ಕೂತಿರುವುದು ಹನ್ನೊಂದನೆಯ ಸ್ಥಾನದಲ್ಲಿ. ಮಹಾವೀರಾಚಾರ್ಯರ ಲೆಕ್ಕದಲ್ಲಿ ಅದು ಅರ್ಬುದ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದವರೂ ಇವರೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಎಡವಿದವರೂ ಇವರೇ. ಸೊನ್ನೆಯ ಹತ್ತಿರ ಎಡವದ ಗಣಿತಜ್ಞರು ಆ ಕಾಲದಲ್ಲಿ ಬಹಳ ಇರಲಿಲ್ಲ ಬಿಡಿ.

ಗುಣಾಕಾರದ ಭಾಗದಲ್ಲಿ ಇಂಥ ಲೆಕ್ಕಗಳ ಸಾಲೇ ಇದೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. 142857143ನ್ನು 7ರಿಂದ ಗುಣಿಸಿದರೆ 1000000001. ಉತ್ತರಗಳನ್ನು ಅವರು ಕೊರಳ ಹಾರಕ್ಕೆ, ಕಂಠಾಭರಣಕ್ಕೆ ಹೋಲಿಸುತ್ತಾರೆ. ಇವೆಲ್ಲದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆರಕ್ಕೇರಿ ಇಳಿಯುವ ಹಾರ. ಉಳಿದವು ನೋಡಲು ಚಂದ. ಇದನ್ನು ಬಿಚ್ಚಿ ನೋಡಿದರೂ ಚಂದ.

ಬಿಚ್ಚುವುದು ಸುಲಭ. ಆರು ಒಂದುಗಳ ಸಂಖ್ಯೆ 111111ನ್ನು ಅದರಿಂದಲೇ ಗುಣಿಸಿ. ಪ್ರತಿ ಸಾಲಿನಲ್ಲೂ ಅದೇ 111111 ಬರುತ್ತದೆ, ಸಾಲಿನಿಂದ ಸಾಲಿಗೆ ಒಂದೊಂದು ಮನೆ ಎಡಕ್ಕೆ ಸರಿಯುತ್ತದೆ, ಅಷ್ಟೇ. ಒಟ್ಟು ಆರು ಸಾಲು. ಈಗ ಕಂಬಸಾಲುಗಳನ್ನು ಎಣಿಸಿ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1 ಇದೆ, ಅದರ ಪಕ್ಕದಲ್ಲಿ ಎರಡು, ಆಮೇಲೆ ಮೂರು. ನಡುವಿನಲ್ಲಿ ಆರೂ ಸಾಲುಗಳು ಒಂದರ ಮೇಲೊಂದು ಬರುತ್ತವೆ, ಅಲ್ಲಿಂದ ಮುಂದೆ ಒಂದೊಂದೇ ಕಳಚಿಕೊಳ್ಳುತ್ತವೆ. ಯಾವ ಕಂಬಸಾಲಿನ ಮೊತ್ತವೂ ಒಂಬತ್ತನ್ನು ದಾಟದ ಕಾರಣ ದಶಕ ಹೋಗುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಎಣಿಕೆಯೇ ಅಂಕಿಯಾಗಿ ನಿಲ್ಲುತ್ತದೆ: 1, 2, 3, 4, 5, 6, 5, 4, 3, 2, 1. ನಮ್ಮ ಸಂಖ್ಯೆ 111111ರ ವರ್ಗ.

ಈ ಎಣಿಕೆಯನ್ನು ಎರಡು ದಾಳಗಳ ಆಟ ಆಡಿದವರೆಲ್ಲ ಬೇರೆ ವೇಷದಲ್ಲಿ ಕಂಡಿದ್ದಾರೆ. ಎರಡು ದಾಳಗಳನ್ನು ಒಟ್ಟಿಗೆ ಹಾಕಿದಾಗ ಮೊತ್ತ 2 ಬರಲು ಒಂದೇ ದಾರಿ, ಎರಡೂ ಒಂದು ಬೀಳಬೇಕು. ಮೊತ್ತ 3 ಬರಲು ಎರಡು ದಾರಿ, 4ಕ್ಕೆ ಮೂರು, 5ಕ್ಕೆ ನಾಲ್ಕು, 6ಕ್ಕೆ ಐದು, 7ಕ್ಕೆ ಆರು. ಅಲ್ಲಿಂದಾಚೆ ಇಳಿತ: 8ಕ್ಕೆ ಐದು, 9ಕ್ಕೆ ನಾಲ್ಕು, ಹೀಗೆ 12ಕ್ಕೆ ಮತ್ತೆ ಒಂದೇ. ಎಡದಿಂದ ಓದಿದರೆ 12345654321. ಇದು ಕಾಕತಾಳೀಯವಲ್ಲ. ಮೊದಲ ದಾಳದ ಆರು ಮುಖಗಳಲ್ಲಿ ಒಂದನ್ನೂ ಎರಡನೆಯ ದಾಳದ ಆರರಲ್ಲಿ ಒಂದನ್ನೂ ಜೋಡಿಸುವ ಕೆಲಸ, ಮೇಲಿನ ಸಂಖ್ಯೆಯ ಆರು ಒಂದುಗಳಲ್ಲಿ ಒಂದನ್ನೂ ಕೆಳಗಿನ ಆರರಲ್ಲಿ ಒಂದನ್ನೂ ಗುಣಿಸುವ ಕೆಲಸ, ಎರಡೂ ಒಂದೇ. ಸ್ಥಾನಗಳು ಕೂಡಿಕೊಂಡಂತೆ ಮುಖದ ಚುಕ್ಕಿಗಳು ಕೂಡಿಕೊಳ್ಳುತ್ತವೆ. ಎರಡು ದಾಳಗಳಿಂದ ಒಟ್ಟು 36 ಜೋಡಿ. ನಮ್ಮ ಸಂಖ್ಯೆಯ ಅಂಕಿಗಳನ್ನು ಕೂಡಿ, ಅಲ್ಲೂ 36. ಏಳು ಅಷ್ಟು ಸಲ ಬೀಳುವುದೇಕೆ ಎಂದು ಜೂಜುಗಾರ ಕೇಳಿದರೆ, ಈ ಸಂಖ್ಯೆಯ ನಡುವಿನ ಆರನ್ನು ತೋರಿಸಬಹುದು.

ಇನ್ನು ಒಡೆಯುವ ಕೆಲಸ. ಶಾಲೆಯಲ್ಲಿ 7ರಿಂದ ಭಾಗವಾಗುತ್ತದೆಯೇ ಎಂದು ನೋಡುವ ಉಪಾಯವನ್ನು ಸರಿಯಾಗಿ ಕಲಿಸುವುದಿಲ್ಲ. ಉಪಾಯ ಇರುವುದು 1001ರಲ್ಲಿ. 1001 ಎಂದರೆ 7, 11, 13ರ ಗುಣಲಬ್ಧ. ಸಾವಿರ 1001ಕ್ಕಿಂತ ಒಂದು ಕಡಿಮೆ, ಆದ್ದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿ ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋದರೆ, ಉಳಿದದ್ದು 1001ರಿಂದ ಭಾಗವಾದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಕತ್ತರಿಸಿ ನೋಡಿ: 12, 345, 654, 321. ಬಲದಿಂದ ಹೊರಟರೆ 321ರಲ್ಲಿ 654 ಕಳೆದಾಗ ಋಣ 333; ಅದಕ್ಕೆ 345 ಕೂಡಿದರೆ 12; ಅದರಲ್ಲಿ 12 ಕಳೆದರೆ ಸೊನ್ನೆ. ಒಂದೇ ಏಟಿಗೆ ಏಳು, ಹನ್ನೊಂದು, ಹದಿಮೂರು ಮೂರೂ ಸಿಕ್ಕಿದವು. ಲಕ್ಷ-ಕೋಟಿಯ ಪ್ರಕಾರ 12,34,56,54,321 ಎಂದು ಅಲ್ಪವಿರಾಮ ಹಾಕುವ ನಮಗೆ ಈ ಮೂರರ ಗುಂಪು ಕಣ್ಣಿಗೆ ಬೀಳುವುದಿಲ್ಲ. ಈ ಒಂದು ಲೆಕ್ಕದ ಮಟ್ಟಿಗೆ ಮಿಲಿಯನ್‌ನವರ ಅಲ್ಪವಿರಾಮವೇ ವಾಸಿ.

ಅದೇ ಗುಂಪುಗಳನ್ನು ಕಳೆಯದೆ ಎಲ್ಲವನ್ನೂ ಕೂಡಿದರೆ 1332. ಅದನ್ನೂ ಹಾಗೆಯೇ 1 ಮತ್ತು 332 ಎಂದು ಕತ್ತರಿಸಿ ಕೂಡಿದರೆ 333, ಅಂದರೆ 111ರ ಮೂರರಷ್ಟು. 999 ಎಂಬುದು 111ರ ಒಂಬತ್ತರಷ್ಟಾದ್ದರಿಂದ ಈ ಪರೀಕ್ಷೆಯೂ ನಡೆಯುತ್ತದೆ. 111 ಎಂದರೆ 3 ಗುಣಿಸು 37. ಹೀಗೆ ಪೂರ್ತಿ ಪಟ್ಟಿ ಕೈಗೆ ಬಂತು: 3, 7, 11, 13, 37. ಇವೆಲ್ಲ ಅವಿಭಾಜ್ಯ ಸಂಖ್ಯೆಗಳು. ಐದನ್ನೂ ಗುಣಿಸಿದರೆ 111111. ಐದರ ವರ್ಗಗಳನ್ನೂ ಗುಣಿಸಿದರೆ ನಮ್ಮ ಹಾರ.

ಪ್ರತಿ ಅವಿಭಾಜ್ಯವೂ ಎರಡೆರಡು ಸಲ ಇದೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ಆಯ್ಕೆ, ಐದು ಸಲ: ಒಟ್ಟು 243 ಭಾಜಕಗಳು. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಇದನ್ನು ಬರೆಯಲು 122 ದಾರಿಗಳಿವೆ. ಗುಣಿಸುವ ಎರಡೂ ವರ್ಗಸಂಖ್ಯೆಗಳೇ ಆಗಬೇಕೆಂದರೆ 16. ಮಹಾವೀರಾಚಾರ್ಯರು ಆರಿಸಿಕೊಂಡದ್ದು ಈ ಹದಿನಾರರಲ್ಲೊಂದು: 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. ಮೂರನ್ನೂ ಏಳನ್ನೂ ಒಂದು ಕಡೆ ಇಟ್ಟು, ಹನ್ನೊಂದು, ಹದಿಮೂರು, ಮೂವತ್ತೇಳನ್ನು ಇನ್ನೊಂದು ಕಡೆ ಕಟ್ಟಿದ್ದಾರೆ.

111111ನ್ನು ಅದರಿಂದಲೇ ಗುಣಿಸಿ ಎಂದು ಕೊಟ್ಟಿದ್ದರೆ ಉತ್ತರ ಅರ್ಧ ದಾರಿಯಲ್ಲೇ ಬಯಲಾಗುತ್ತಿತ್ತು. 441 ಹಾಗಲ್ಲ, ಒಳಗಿನದನ್ನು ಬಿಟ್ಟುಕೊಡುವುದಿಲ್ಲ. ಬೇಕೆಂದೇ ಮುಚ್ಚಿಟ್ಟರು ಎಂಬುದು ನನ್ನ ಊಹೆ. ಆದರೆ ಆರನ್ನೇ ಆರಿಸಿದ್ದರ ಹಿಂದೆ ಊಹೆಗಿಂತ ಗಟ್ಟಿಯಾದ ಕಾರಣ ಕಾಣುತ್ತದೆ. 121ರಿಂದ ಹಿಡಿದು ಒಂಬತ್ತಕ್ಕೇರಿ ಇಳಿಯುವ 12345678987654321ರವರೆಗೆ ಎಲ್ಲವೂ ಒಂದುಗಳ ವರ್ಗವೇ. 121ಕ್ಕೆ ಮೂರೇ ಭಾಜಕ. ನಾಲ್ಕು, ಐದು, ಏಳಕ್ಕೇರುವ ಹಾರಗಳಿಗೆ ಒಂಬತ್ತೊಂಬತ್ತು. ಎಂಟರದಕ್ಕೆ 81, ಒಂಬತ್ತರದಕ್ಕೆ 45. ಗಾತ್ರದಲ್ಲಿ ಸಾವಿರಗಟ್ಟಲೆ ಪಟ್ಟು ದೊಡ್ಡದಾದ ಅಣ್ಣಂದಿರಿದ್ದರೂ ಭಾಜಕಗಳ ವಿಷಯದಲ್ಲಿ ಆರರ ಹಾರವೇ ಹಿರಿಯ. ಲೆಕ್ಕವನ್ನು ಮರೆಮಾಚಿ ಕಟ್ಟುವವನಿಗೆ ಇಷ್ಟು ಅವಕಾಶ ಬೇರೆಲ್ಲೂ ಇಲ್ಲ. ಕಾರಣ ಆರು ಎಂಬ ಸಂಖ್ಯೆಯಲ್ಲೇ ಇದೆ. ಆರು ಒಂದುಗಳನ್ನು ಎರಡೆರಡಾಗಿ ಕಟ್ಟಬಹುದು, ಆದ್ದರಿಂದ 11 ಭಾಗಿಸುತ್ತದೆ. ಮೂರು ಮೂರಾಗಿಯೂ ಕಟ್ಟಬಹುದು, ಆದ್ದರಿಂದ 111 ಭಾಗಿಸುತ್ತದೆ. ಎರಡನ್ನೂ ತೆಗೆದ ಮೇಲೆ 91 ಉಳಿಯುತ್ತದೆ, ಅದೂ ಏಳು ಹದಿಮೂರಾಗಿ ಒಡೆಯುತ್ತದೆ.

ಈಗ 111111ನ್ನು ಒಂಬತ್ತರಿಂದ ಗುಣಿಸೋಣ: 999999. ಇದು 7ರ 142857ರಷ್ಟು. 142857 ಗೊತ್ತಲ್ಲ, ಒಂದನ್ನು ಏಳರಿಂದ ಭಾಗಿಸಿದಾಗ ದಶಾಂಶ ಬಿಂದುವಿನ ಆಚೆ ಸುತ್ತುತ್ತಲೇ ಇರುವ ಅಂಕಿಗಳು. ನಮ್ಮ ಹಾರವನ್ನು 81ರಿಂದ ಗುಣಿಸಿದರೆ 999999ರ ವರ್ಗ ಬರುತ್ತದೆ, ಅಂದರೆ 999998000001. ಇದನ್ನು ನಡುವೆ ಕತ್ತರಿಸಿ ಎರಡು ತುಂಡುಗಳನ್ನು ಕೂಡಿ: 999998ಕ್ಕೆ 000001 ಸೇರಿ ಮತ್ತೆ 999999. ವರ್ಗವನ್ನು ಎರಡಾಗಿ ಕತ್ತರಿಸಿ ಕೂಡಿದಾಗ ಮೂಲ ಸಂಖ್ಯೆಯೇ ಮರಳಿ ಬಂದರೆ ಅದಕ್ಕೆ ಕಾಪ್ರೇಕರ್ ಸಂಖ್ಯೆ ಎನ್ನುತ್ತಾರೆ. 45 ಇನ್ನೊಂದು: 2025, ಇಪ್ಪತ್ತೂ ಇಪ್ಪತ್ತೈದೂ ನಲವತ್ತೈದು. 142857 ಕೂಡ ಅಂಥದ್ದೇ. ಅದರ ವರ್ಗ 20408122449, 20408ಕ್ಕೆ 122449 ಕೂಡಿದರೆ 142857.

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು. ಸಂಬಳಕ್ಕೆ ಪಾಠ, ಉಳಿದ ಹೊತ್ತೆಲ್ಲ ಸಂಖ್ಯೆಗಳ ಜೊತೆ ಆಟ. 6174 ಎಂಬ ಸಂಖ್ಯೆಯಿಂದ ಅವರ ಹೆಸರು ಲೋಕಕ್ಕೆ ಗೊತ್ತು. 1, 121, 12321 ಎಂದು ಸಾಗುವ ನಮ್ಮ ಹಾರಗಳ ಸರಣಿಗೂ ಅವರೇ ‘ಡೆಮ್ಲೊ ಸಂಖ್ಯೆಗಳು’ ಎಂದು ಹೆಸರಿಟ್ಟರು. ಮುಂಬೈ ಕಡೆಯ ಒಂದು ರೈಲು ನಿಲ್ದಾಣದಲ್ಲಿ ವಿಚಾರ ಹೊಳೆಯಿತಂತೆ, ಆ ನಿಲ್ದಾಣದ ಹೆಸರೇ ಸಂಖ್ಯೆಗಳಿಗೂ ಬಂತು. ಆರನೆಯ ಡೆಮ್ಲೊ ಸಂಖ್ಯೆಯೇ 12345654321. ನಮ್ಮ ದೇಶದ ವಿಶ್ವವಿದ್ಯಾಲಯಗಳ ಗಣಿತಜ್ಞರಲ್ಲಿ ಹಲವರು ಅವರನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಅಂಕಣದಲ್ಲಿ ಬರೆದ ಮೇಲೆ ಹೊರದೇಶದವರು ಹುಡುಕಿಕೊಂಡು ಓದಿದರು.

ಗಂಭೀರವಾಗಿ ತೆಗೆದುಕೊಳ್ಳದವರ ವಾದವನ್ನೂ ಕೇಳಬೇಕು. ರಾಮಾನುಜನ್‌ರನ್ನು ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಹಾರ್ಡಿ 1940ರಲ್ಲಿ ಪ್ರಕಟಿಸಿದ ‘ಎ ಮ್ಯಾಥಮೆಟಿಷಿಯನ್ಸ್ ಅಪಾಲಜಿ’ಯಲ್ಲಿ 8712 ಮತ್ತು 9801ರ ಪ್ರಸ್ತಾಪ ಬರುತ್ತದೆ. ತಿರುಗಿಸಿ ಬರೆದ ತಮ್ಮದೇ ರೂಪದ ಇಷ್ಟರಷ್ಟು ಆಗುವ ನಾಲ್ಕಂಕಿಯ ಸಂಖ್ಯೆಗಳು ಇವೆರಡೇ: 2178ರ ನಾಲ್ಕರಷ್ಟು 8712, 1089ರ ಒಂಬತ್ತರಷ್ಟು 9801. ಪತ್ರಿಕೆಯ ಪಜಲ್ ಅಂಕಣಕ್ಕೆ ಇದು ಲಾಯಕ್ಕು, ಗಣಿತಜ್ಞನಿಗೆ ಇದರಲ್ಲಿ ಏನೂ ಇಲ್ಲ ಎಂಬುದು ಹಾರ್ಡಿಯ ತೀರ್ಪು. ನಾವು ಹತ್ತರ ಪದ್ಧತಿಯಲ್ಲಿ ಬರೆಯುತ್ತೇವೆ ಎಂಬುದರ ಮೇಲೆ ನಿಂತ ಚಮತ್ಕಾರ ಅದು.

ನಮ್ಮ ಹಾರಕ್ಕೂ ಈ ಮಾತು ತಗಲುತ್ತದೆ, ಅರ್ಧದಷ್ಟು ಮಾತ್ರ. ಕಂಪ್ಯೂಟರಿನವರು ಬಳಸುವ ಹದಿನಾರರ ಪದ್ಧತಿಯಲ್ಲಿ ಇದೇ ಸಂಖ್ಯೆ 2ಡಿಎಫ್‌ಡಿಬಿಬಿಸಿ31 ಆಗುತ್ತದೆ. ಹಾರವೂ ಇಲ್ಲ, ಏರಿಳಿತವೂ ಇಲ್ಲ. ಆದರೆ ಅದೇ ಅಂಕಿಗಳ ಸಾಲನ್ನು ಬೇರೆ ಪದ್ಧತಿಯ ಬರಹವೆಂದು ಓದಿ ನೋಡಿ. 0ಯಿಂದ 6ರವರೆಗೆ ಮಾತ್ರ ಅಂಕಿಗಳಿರುವ ಏಳರ ಪದ್ಧತಿಯಲ್ಲಿ 12345654321 ಎಂದು ಬರೆದದ್ದು ನಮ್ಮ ಲೆಕ್ಕಕ್ಕೆ 384473664. ಅದು 19608ರ ವರ್ಗ. ಎಂಟರ ಪದ್ಧತಿಯಲ್ಲೂ ವರ್ಗ, ಹನ್ನೆರಡರಲ್ಲೂ ವರ್ಗ. ಆರಕ್ಕಿಂತ ದೊಡ್ಡ ಯಾವ ಪದ್ಧತಿಯಲ್ಲೂ ಈ ಬರಹ ವರ್ಗವೇ, ಏಕೆಂದರೆ ದಶಕ ಹೋಗದಿರುವ ಆ ಗುಣಾಕಾರ ಎಲ್ಲೆಡೆಯೂ ಒಂದೇ ರೀತಿ ನಡೆಯುತ್ತದೆ. ಒಡೆಯುವ ಕ್ರಮವೂ ಅದೇ. ಹತ್ತರಲ್ಲಿ 111111 ಎಂಬುದು 11, 111, 91 ಆದಂತೆ ಏಳರಲ್ಲಿ 19608 ಎಂಬುದು 8, 57, 43 ಆಗುತ್ತದೆ. ಹೊರಗಿನ ಅಲಂಕಾರ ಹತ್ತರದ್ದಾಗಿರಬಹುದು, ಕಟ್ಟಿದ ದಾರ ಬೀಜಗಣಿತದ್ದು. ಹಾರ್ಡಿಯ 8712ರ ಬಗ್ಗೆ ವಾದಿಸಲು ನಾನು ಹೋಗುವುದಿಲ್ಲ. ಇದನ್ನು ಮಾತ್ರ ಆ ಪಟ್ಟಿಗೆ ಸೇರಿಸಲು ಒಪ್ಪಲಾರೆ.

ಹಾರ ಹರಿಯುವ ಜಾಗವೂ ನೋಡತಕ್ಕದ್ದೇ. ಹತ್ತು ಒಂದುಗಳ ವರ್ಗಕ್ಕೆ ಹೋದರೆ ನಡುವಿನ ಕಂಬಸಾಲಿನ ಮೊತ್ತ ಹತ್ತಾಗುತ್ತದೆ. ಸೊನ್ನೆ ಬರೆದು ದಶಕ ಒಂದು; ಪಕ್ಕದ ಒಂಬತ್ತು ಹತ್ತಾಗಿ ಅದೂ ಸೊನ್ನೆ; ಅದರ ದಶಕ ಸೇರಿ ಎಂಟು ಒಂಬತ್ತಾಗುತ್ತದೆ. ಉತ್ತರ 1234567900987654321. ಎಡಗಡೆಯ ಏರಿನಲ್ಲಿ 8 ಕಾಣೆ. 9ರಿಂದ ಗುಣಿಸಿದರೆ ಒಂಬತ್ತು ಒಂದುಗಳನ್ನು ಕೊಡುವ 12345679 ಕೂಡ ಮಹಾವೀರಾಚಾರ್ಯರ ಹಾರಗಳ ಸಾಲಿನದು. ಅಲ್ಲೂ 8 ಇಲ್ಲ. ಒಂದನ್ನು 81ರಿಂದ ಭಾಗಿಸಿದಾಗ ಬರುವ 0.012345679012345679… ಎಂಬ ದಶಾಂಶದಲ್ಲೂ ಇಲ್ಲ. ಮೂರು ಕಡೆಯೂ ಎಂಟನ್ನು ನುಂಗಿದ್ದು ಒಂದೇ ದಶಕ: ಎಣಿಕೆ ಹತ್ತಕ್ಕೆ ಮುಟ್ಟಿದಾಗ ಎಡಕ್ಕೆ ಜಾರಿದ ಆ ಒಂದು.

ಆರು ಒಂದುಗಳು ಸುಲಭವಾಗಿ ಒಡೆದವು. ಒಡೆಯದ ಒಂದುಗಳ ಸಾಲು ಇದೆಯೇ? 11 ಅವಿಭಾಜ್ಯ. ಆಮೇಲೆ ಹತ್ತೊಂಬತ್ತು ಒಂದುಗಳವರೆಗೆ ಕಾಯಬೇಕು, ನಂತರ ಇಪ್ಪತ್ಮೂರು, ನಂತರ ಒಮ್ಮೆಲೇ 317. 1031 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು 1986ರಲ್ಲಿ ವಿಲಿಯಮ್ಸ್ ಮತ್ತು ಡಬ್ನರ್ ಸಾಧಿಸಿದರು. 49081 ಒಂದುಗಳದ್ದು ಸಾಬೀತಾಗಲು 2022 ಬರಬೇಕಾಯಿತು. ಒಂದುಗಳ ಎಣಿಕೆಯೇ ಅವಿಭಾಜ್ಯವಲ್ಲದಿದ್ದರೆ ಸಂಖ್ಯೆ ಒಡೆದೇ ಒಡೆಯುತ್ತದೆ, ಆರರಲ್ಲಿ ಕಂಡಂತೆ. ಎಣಿಕೆ ಅವಿಭಾಜ್ಯವಾದರೂ ಭರವಸೆಯಿಲ್ಲ: ಐದು ಒಂದುಗಳು 41 ಮತ್ತು 271 ಆಗಿ ಒಡೆಯುತ್ತವೆ, ಏಳು ಒಂದುಗಳು 239 ಮತ್ತು 4649 ಆಗಿ. ಇಂಥ ಅವಿಭಾಜ್ಯಗಳಿಗೆ ಕೊನೆ ಇದೆಯೇ ಇಲ್ಲವೇ ಎಂಬುದನ್ನು ಈವರೆಗೆ ಯಾರೂ ಸಾಧಿಸಿಲ್ಲ.

ಹಾರವನ್ನು ಮುಂದುವರಿಸಲು ಇನ್ನೊಂದು ದಾರಿಯಿದೆ. ಗುಣಿಸುವುದನ್ನು ಬಿಟ್ಟು ಬರೀ ಬರೆಯುತ್ತಾ ಹೋಗುವುದು: ಒಂಬತ್ತಾದ ಮೇಲೆ ಹತ್ತನ್ನೂ ಬರೆದು ಹಿಂದಿರುಗಿದರೆ 12345678910987654321. ಒಂಬತ್ತರವರೆಗಿನ ಹಾರಗಳೆಲ್ಲ ವರ್ಗಗಳು, ಸುಲಭವಾಗಿ ಒಡೆಯುವಂಥವು. ಈ ಇಪ್ಪತ್ತಂಕಿಯ ಸಂಖ್ಯೆ ಮಾತ್ರ ಅವಿಭಾಜ್ಯ. ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದಕ್ಕೂ ಬಗ್ಗುವುದಿಲ್ಲ, ಹಾಗಾಗಿ ಇದನ್ನು ಉತ್ತರವಾಗಿಟ್ಟು ಗುಣಾಕಾರದ ಲೆಕ್ಕ ಕಟ್ಟಲು ಬರುವುದಿಲ್ಲ. ಇದೇ ರೀತಿ ಹನ್ನೊಂದು, ಹನ್ನೆರಡು, ನೂರು, ಸಾವಿರ ಎಂದು ಏರಿಸಿ ಇಳಿಸುತ್ತಾ ಹೋದರೆ ಮತ್ತೊಂದು ಅವಿಭಾಜ್ಯ ಸಿಗುವುದು 2446ರವರೆಗೆ ಏರಿದಾಗ. ಅದಕ್ಕೆ 17350 ಅಂಕಿಗಳು.